ಪುಕ್ಕಟೆ ರಣರಂಗದ ಪೂರ್ವಕಥೆ

2024ನೆಯ ಇಸವಿ ಡಿಸೆಂಬರ್ 6ರಂದು ಚೀನಾ ದೇಶದ ನೆಟ್‌ಈಸ್ ಎಂಬ ಕಂಪನಿಯು ‘ಮಾರ್ವೆಲ್ ರೈವಲ್ಸ್’ ಎಂಬ ವೀಡಿಯೋ ಆಟವನ್ನು ಲೋಕಕ್ಕೆ ಬಿಟ್ಟಿತು. ಆಟಕ್ಕೆ ಬೆಲೆಯಿಲ್ಲ. ಮನೆಯಲ್ಲಿ ತಕ್ಕ ಕಂಪ್ಯೂಟರಾಗಲಿ ಆಟದ ಪೆಟ್ಟಿಗೆಯಾಗಲಿ ಇದ್ದು, ಇಂಟರ್‌ನೆಟ್ಟಿನ ಸಂಪರ್ಕವಿದ್ದರೆ ಸಾಕು, ಇಳಿಸಿಕೊಂಡು ಆಡಬಹುದು. ಒಂದು ಪಕ್ಷದಲ್ಲಿ ಆರು ಜನ, ಎದುರು ಪಕ್ಷದಲ್ಲಿ ಆರು ಜನ. ಪ್ರತಿಯೊಬ್ಬನೂ ಅಮೆರಿಕದ ಚಿತ್ರಕಥೆಗಳ ಒಬ್ಬೊಬ್ಬ ಅತಿಮಾನುಷ ವೀರನ ರೂಪವನ್ನು ತಳೆದು ಕಾಳಗಕ್ಕಿಳಿಯುತ್ತಾನೆ. ಮೊದಲ ಮೂರು ದಿನಗಳಲ್ಲಿಯೇ ಒಂದು ಕೋಟಿ ಜನ ಆಡಿದರೆಂದು ಕಂಪನಿಯು ಸಾರಿತು.

ಇದಕ್ಕೆ ಮೂರು ತಿಂಗಳ ಹಿಂದೆ ಇದೇ ಜಾತಿಯ ಇನ್ನೊಂದು ಆಟಕ್ಕೆ ಬೇರೊಂದು ಗತಿಯಾಗಿತ್ತು. ಸೋನಿ ಕಂಪನಿಯ ‘ಕಾನ್‌ಕಾರ್ಡ್’ ಎಂಬ ಆ ಆಟವು ಆಗಸ್ಟ್ 23ರಂದು ಹೊರಬಂದಿತು. ಬೆಲೆ 40 ಡಾಲರ್. ಕೊಳ್ಳುವವರೇ ಇಲ್ಲವಾಗಿ ಸೆಪ್ಟೆಂಬರ್ 6ರಂದು ಅದನ್ನು ನಿಲ್ಲಿಸಿದರು. ಕೊಂಡವರಿಗೆ ಹಣವನ್ನು ಹಿಂದಿರುಗಿಸಿದರು. ಅಕ್ಟೋಬರಿನಲ್ಲಿ ಅದನ್ನು ನಿರ್ಮಿಸಿದ ಫೈರ್‌ವಾಕ್ ಎಂಬ ಸಂಸ್ಥೆಗೂ ಬೀಗ ಬಿತ್ತು. ಹಣ ಕೇಳಿದ ಆಟ ಹದಿನೈದು ದಿನ ಬಾಳಲಿಲ್ಲ, ಹಣ ಕೇಳದ ಆಟ ಮೂರು ದಿನಗಳಲ್ಲಿ ಕೋಟಿಗೇರಿತು ಎಂದು ಆಗ ಅನೇಕರು ಲೆಕ್ಕ ಹಾಕಿದರು. ಆದರೆ ‘ಪುಕ್ಕಟೆ’ ಎಂಬ ಮಾತಿಗೆ ಈ ಬಗೆಯ ಆಟಗಳಲ್ಲಿ ಒಂದು ಚರಿತ್ರೆಯುಂಟು, ಮತ್ತು ಆ ಚರಿತ್ರೆಯುದ್ದಕ್ಕೂ ಅದರ ಅರ್ಥ ಒಂದೇ ಆಗಿ ಉಳಿದಿಲ್ಲ. ಈಗಿನ ಆಟವನ್ನು ಮೊದಲ ಸಲ ಕಂಡವರು ಬೆರಗಾಗುವುದಕ್ಕೆ ಮುಂಚೆ ಆ ಹಳೆಯ ಕಥೆಯನ್ನು ತುಸು ಕೇಳುವುದೊಳ್ಳೆಯದು.

1993ರ ಡಿಸೆಂಬರಿನಲ್ಲಿ ಅಮೆರಿಕದ ಟೆಕ್ಸಾಸ್ ಸಂಸ್ಥಾನದ ‘ಇಡ್ ಸಾಫ್ಟ್‌ವೇರ್’ ಎಂಬ ಪುಟ್ಟ ಕಂಪನಿಯು ‘ಡೂಮ್’ ಎಂಬ ಆಟವನ್ನು ಹೊರತಂದಿತು. ಕೈಯಲ್ಲಿ ಬಂದೂಕು ಹಿಡಿದು ಕತ್ತಲೆಯ ಓಣಿಗಳಲ್ಲಿ ಪಿಶಾಚಿಗಳನ್ನು ಹೊಡೆಯುತ್ತ ಸಾಗುವ ಆಟ. ಅದರ ಮೊದಲ ಕಾಂಡವನ್ನು ಯಾರು ಬೇಕಾದರೂ ಪುಕ್ಕಟೆಯಾಗಿ ಪಡೆದು ಸ್ನೇಹಿತರಿಗೂ ಹಂಚಬಹುದಾಗಿತ್ತು. ಮುಂದಿನ ಕಾಂಡಗಳು ಬೇಕೆಂದವರು ಹಣ ಕಳುಹಿಸಬೇಕು. ಮಿಠಾಯಿ ಅಂಗಡಿಯವನು ಮೊದಲು ಒಂದು ಚೂರನ್ನು ಕೈಗೆ ಹಾಕಿ, ಆಮೇಲೆ ತಕ್ಕಡಿ ಎತ್ತಿಕೊಳ್ಳುವಂಥ ವ್ಯಾಪಾರ. ಇದರಲ್ಲಿ ಗುಟ್ಟೇನೂ ಇರಲಿಲ್ಲ.

ಅದೇ ಕಂಪನಿ 1996ರ ಜೂನಿನಲ್ಲಿ ‘ಕ್ವೇಕ್’ ಎಂಬ ಇನ್ನೊಂದು ಆಟವನ್ನು ತಂದಾಗ ಒಂದು ಉದಾರವಾದ ಕೆಲಸ ಮಾಡಿತು. ಆಟದ ನಿಯಮಗಳನ್ನು ಬರೆದ ಸೂತ್ರಗಳನ್ನೇ ಬಯಲಿಗಿಟ್ಟು, ಬೇಕಾದವರು ತಿದ್ದಿಕೊಳ್ಳಬಹುದೆಂದಿತು. ಆಸ್ಟ್ರೇಲಿಯಾದ ರಾಬಿನ್ ವಾಕರ್, ಜಾನ್ ಕುಕ್, ಇಯಾನ್ ಕಾಗ್ಲಿ ಎಂಬ ಮೂವರು ತರುಣರು ಆ ಸೂತ್ರಗಳನ್ನು ಹಿಡಿದು ಕೂತು, ಆ ವರ್ಷವೇ ‘ಟೀಮ್ ಫೋರ್ಟ್ರೆಸ್’ ಎಂಬ ಹೊಸದೊಂದು ಆಟವನ್ನು ಕಟ್ಟಿದರು. ಕ್ವೇಕ್ ಇದ್ದವರೆಲ್ಲರಿಗೂ ಅದು ಪುಕ್ಕಟೆ. ಮೂವರಿಗೂ ಅದರಿಂದ ಆಗ ಕಾಸು ಬರಲಿಲ್ಲ. ಬರಲೆಂದು ಅವರು ಮಾಡಿದ್ದೂ ಅಲ್ಲ. ಹವ್ಯಾಸಿ ನಾಟಕ ಸಂಘದವರು ರಾತ್ರಿಯೆಲ್ಲ ಕೂತು ಪರದೆ ಬರೆಯುವುದಿಲ್ಲವೆ, ಅದೇ ಉಮೇದು.

ಅವರು ಮಾಡಿದ ಬದಲಾವಣೆ ಮೇಲುನೋಟಕ್ಕೆ ಚಿಕ್ಕದು. ಅಲ್ಲಿಯವರೆಗೆ ಇಂಥ ಆಟಗಳಲ್ಲಿ ಎಲ್ಲರೂ ಒಂದೇ ಅಚ್ಚಿನವರು. ಯಾರ ಕೈ ಚುರುಕೋ ಅವನು ಗೆದ್ದ. ಟೀಮ್ ಫೋರ್ಟ್ರೆಸ್‌ನಲ್ಲಿ ಒಬ್ಬನಿದ್ದಂತೆ ಇನ್ನೊಬ್ಬನಿಲ್ಲ. ಒಬ್ಬ ವೇಗವಾಗಿ ಓಡಬಲ್ಲ, ಆದರೆ ಎರಡು ಏಟಿಗೆ ಉರುಳುತ್ತಾನೆ. ಒಬ್ಬ ದೂರದಿಂದ ಗುರಿಯಿಡುತ್ತಾನೆ. ಮತ್ತೊಬ್ಬ ಭಾರಿ ಬಂದೂಕನ್ನು ಹೊತ್ತು ಆನೆಯಂತೆ ನಡೆಯುತ್ತಾನೆ. ಇನ್ನೊಬ್ಬ ಶತ್ರುವಿನ ವೇಷ ಧರಿಸಿ ಒಳನುಗ್ಗುತ್ತಾನೆ. ಕೊನೆಗೆ ಇಂಥ ಒಂಬತ್ತು ಬಗೆಯವರಾದರು. ಅವರಲ್ಲಿ ಒಬ್ಬ ವೈದ್ಯ.

ನನ್ನ ಅಭಿಪ್ರಾಯದಲ್ಲಿ ಈ ವೈದ್ಯನೇ ಈ ಇಡೀ ಚರಿತ್ರೆಯ ದೊಡ್ಡ ಹೊಸತು. ಕೊಲ್ಲುವುದನ್ನೇ ಎಣಿಸುವ ಆಟದಲ್ಲಿ ಒಬ್ಬನಿಗೆ ಬದುಕಿಸುವ ಕೆಲಸವನ್ನು ಕೊಟ್ಟರು. ಗಾಯಗೊಂಡ ಜೊತೆಗಾರನ ಬಳಿಗೆ ಅವನು ಗುಂಡುಗಳ ಮಧ್ಯೆ ಓಡಿ ಹೋಗಬೇಕು. ಅವನಿಲ್ಲದ ಪಕ್ಷ ಬಹುಮಟ್ಟಿಗೆ ಸೋಲುತ್ತದೆ. ಅವನಿದ್ದು ಗೆದ್ದರೆ ಹೊಗಳಿಕೆಯೆಲ್ಲ ಹೆಚ್ಚಾಗಿ ಬಂದೂಕಿನವನಿಗೆ. ಸಂಸಾರಗಳಲ್ಲಿಯೂ ಕಚೇರಿಗಳಲ್ಲಿಯೂ ನಾವು ಕಂಡ ನ್ಯಾಯವೇ ಇದು. ಆದರೂ ಆ ಕೆಲಸವನ್ನು ಬಯಸಿ ಆರಿಸಿಕೊಳ್ಳುವವರು ಮೊದಲ ದಿನದಿಂದಲೂ ಇದ್ದರು ಎಂಬುದು ಗಮನಿಸತಕ್ಕ ಮಾತು.

1998ರಲ್ಲಿ ವ್ಯಾಲ್ವ್ ಎಂಬ ಅಮೆರಿಕದ ಕಂಪನಿಯು ಟೀಮ್ ಫೋರ್ಟ್ರೆಸ್‌ನ ಕರ್ತೃಗಳನ್ನು ಕೆಲಸಕ್ಕೆ ಕರೆಸಿಕೊಂಡಿತು. ಅವರ ಎರಡನೆಯ ಆಟವು ಬಹಳ ವರ್ಷ ಮೂಸೆಯಲ್ಲಿದ್ದು, 2007ರ ಅಕ್ಟೋಬರಿನಲ್ಲಿ ಹೊರಬಂದಿತು. ಸೈನಿಕರ ಬೂದು ಬಣ್ಣದ ನಿಜರೂಪವನ್ನು ಕೈಬಿಟ್ಟು, ಹಳೆಯ ಕಾಲದ ಜಾಹೀರಾತು ಚಿತ್ರಗಳಂತೆ ದುಂಡುದುಂಡಾದ, ನಗೆ ತರಿಸುವ ಒಂಬತ್ತು ಪಾತ್ರಗಳನ್ನು ಅದರಲ್ಲಿ ಬಿಡಿಸಿದ್ದರು. ನೆರಳನ್ನು ಕಂಡರೂ ಇಂಥವನೇ ಎಂದು ಗುರುತು ಹಿಡಿಯಬೇಕು ಎಂಬುದು ಅವರ ನಿಯಮ. 2008ರಲ್ಲಿ, ಒಂದು ಬಂಡಿಯನ್ನು ಒಂದು ಪಕ್ಷ ತಳ್ಳಿಕೊಂಡು ಹೋಗುವುದು, ಇನ್ನೊಂದು ಪಕ್ಷ ಅದನ್ನು ತಡೆಯುವುದು ಎಂಬ ಪಂದ್ಯವನ್ನು ಸೇರಿಸಿದರು. ಆ ಬಂಡಿ ಇವತ್ತಿಗೂ ನಿಂತಿಲ್ಲ. ಹೆಸರು ಬದಲಾಯಿಸಿಕೊಂಡು ಮಾರ್ವೆಲ್ ರೈವಲ್ಸ್‌ನ ಬೀದಿಗಳಲ್ಲೂ ಉರುಳುತ್ತಿದೆ.

2009ರಲ್ಲಿ ಆ ಪಾತ್ರಗಳಿಗೆ ಟೋಪಿಗಳು ಬಂದವು. ಟೋಪಿಯಿಂದ ಬಲ ಹೆಚ್ಚುವುದಿಲ್ಲ, ಗುರಿ ಸರಿಯಾಗುವುದಿಲ್ಲ. ತಲೆಯ ಮೇಲಿರುತ್ತದೆ, ಅಷ್ಟೇ. ಮರುವರ್ಷ ಸೆಪ್ಟೆಂಬರಿನಲ್ಲಿ ಆಟದೊಳಗೆ ಅಂಗಡಿ ತೆರೆದರು. ಬೀಗ ಹಾಕಿದ ಪೆಟ್ಟಿಗೆಗಳು ಆಡುವವರಿಗೆ ಪುಕ್ಕಟೆಯಾಗಿ ದೊರೆಯುತ್ತಿದ್ದವು; ತೆರೆಯುವ ಬೀಗದ ಕೈಗೆ 2.49 ಡಾಲರ್. ಒಳಗೇನಿದೆಯೋ ದೇವರೇ ಬಲ್ಲ. ಆಟಗಾರರೇ ರಚಿಸಿ ಕಳುಹಿಸಿದ ಟೋಪಿ, ಆಯುಧಗಳನ್ನೂ ಅಲ್ಲಿ ಮಾರಿ, ಬಂದ ಹಣದಲ್ಲಿ ಶೇಕಡಾ 25ನ್ನು ರಚಿಸಿದವರಿಗೆ ಕೊಡುವ ಏರ್ಪಾಡೂ ಆಯಿತು. ಹವ್ಯಾಸಿಗೆ ಪಾಲು ದೊರೆತ ಆ ಏರ್ಪಾಟನ್ನು ಮೆಚ್ಚಬೇಕು. 2011ರ ಜೂನ್ 23ರಂದು ಆಟಕ್ಕಿದ್ದ ಬೆಲೆಯನ್ನೇ ತೆಗೆದುಹಾಕಿದರು. ಟೋಪಿಯ ವರಮಾನವೇ ಸಾಕಾಗಿತ್ತು!

ಈ ಉಪಾಯವು ಪಶ್ಚಿಮದಲ್ಲಿ ಹುಟ್ಟಿದ್ದಲ್ಲ. ದಕ್ಷಿಣ ಕೊರಿಯಾದಲ್ಲಿ ನೆಕ್ಸಾನ್ ಎಂಬ ಕಂಪನಿಯು ‘ಕ್ವಿಜ್‌ಕ್ವಿಜ್’ ಎಂಬ ಪ್ರಶ್ನೋತ್ತರದ ಆಟಕ್ಕೆ ಮೊದಲು ಮಾಸಿಕ ಚಂದಾ ವಸೂಲು ಮಾಡಲು ಹೋಗಿ, ಅದು ಸಾಗದೆ, ಆಟವನ್ನು ಪುಕ್ಕಟೆ ಮಾಡಿ ಆಟದ ಬೊಂಬೆಗಳಿಗೆ ಬೇಕಾದ ಉಡಿಗೆ ತೊಡಿಗೆಗಳನ್ನು ಮಾರಲಾರಂಭಿಸಿತ್ತು. ಇದು ಈ ಶತಮಾನದ ಆರಂಭದ ಮಾತು. ಅಲ್ಲಿನ ಹುಡುಗರು ಗಂಟೆಗಿಷ್ಟೆಂದು ಕೊಟ್ಟು ಆಡುವ ಕಂಪ್ಯೂಟರ್ ಅಂಗಡಿಗಳಲ್ಲಿ ಸೇರುತ್ತಿದ್ದರು. ಡಬ್ಬಿಯಲ್ಲಿ ಮಾರುವ ಆಟಗಳನ್ನು ಕದ್ದು ನಕಲು ಮಾಡುವುದು ಸಾಮಾನ್ಯವಾಗಿತ್ತು. ಕದಿಯಲು ಏನೂ ಇಲ್ಲದಂತೆ ಆಟವನ್ನೇ ಕೊಟ್ಟುಬಿಟ್ಟರೆ ಕಳ್ಳನಿಗೆ ಕೆಲಸವೇ ಉಳಿಯದು! ಚೀನಾದಲ್ಲಿಯೂ 2006ರ ಸುಮಾರಿಗೆ ಈ ಪದ್ಧತಿ ಬೇರೂರಿತು. ಅಲ್ಲಿ ಕೆಲವು ಆಟಗಳಲ್ಲಿ ಉಡುಪಿನ ಜೊತೆಗೆ ಬಲವನ್ನೂ ಮಾರಿದರು. ಹಣವಿದ್ದವನು ಹಣವಿಲ್ಲದವನನ್ನು ಹೊಡೆದುರುಳಿಸಬಹುದಾಯಿತು. ಟೋಪಿಯ ವ್ಯಾಪಾರಕ್ಕೂ ತೋಳ್ಬಲದ ವ್ಯಾಪಾರಕ್ಕೂ ಅಜಗಜಾಂತರವುಂಟು ಎಂಬುದನ್ನು ಮರೆಯಬಾರದು.

ನಮ್ಮ ಕರಾವಳಿಯ ಬಯಲಾಟಕ್ಕೆ ಟಿಕೆಟ್ಟಿಲ್ಲ. ಹರಕೆ ಹೊತ್ತ ಮನೆಯವರು ಮೇಳಕ್ಕೆ ವೀಳ್ಯ ಕೊಟ್ಟು ಆಡಿಸುತ್ತಾರೆ. ಊರೆಲ್ಲ ಬಂದು ಬೆಳಗಿನ ತನಕ ಕೂತು ನೋಡುತ್ತದೆ. ಈಗಿನ ಪುಕ್ಕಟೆ ಆಟಗಳ ಲೆಕ್ಕವೂ ಹೊರಗಿನಿಂದ ಹಾಗೆಯೇ ಕಾಣುತ್ತದೆ: ಕೊಡುವವರು ಕೆಲವರು, ಆಡುವವರು ಎಲ್ಲರು. ಆದರೆ ಹರಕೆಯ ಮನೆಯವರಿಗೆ ತಾವು ಎಷ್ಟು ಕೊಟ್ಟೆವೆಂಬುದು ಮೊದಲೇ ಗೊತ್ತಿರುತ್ತದೆ. ಬೀಗದ ಕೈ ಕೊಳ್ಳುವ ಹುಡುಗನಿಗೆ ವರ್ಷದ ಕೊನೆಗೂ ಗೊತ್ತಿರುವುದಿಲ್ಲ.

2016ರ ಮೇ 24ರಂದು ಬಂದ ‘ಓವರ್‌ವಾಚ್’ ಈ ಎರಡು ಎಳೆಗಳನ್ನೂ ಹೊಸೆಯಿತು. ಇದನ್ನು ಮಾಡಿದ ಬ್ಲಿಝಾರ್ಡ್ ಕಂಪನಿಯು ‘ಟೈಟನ್’ ಎಂಬ ಭಾರಿ ಯೋಜನೆಯೊಂದರ ಮೇಲೆ ಸುಮಾರು ಏಳು ವರ್ಷ ದುಡಿದು, 2014ರಲ್ಲಿ ಅದನ್ನು ಕೈಬಿಟ್ಟಿತ್ತು. ಆ ಮುರಿದ ಮನೆಯ ತೊಲೆಗಳಿಂದ ಎದ್ದದ್ದು ಈ ಆಟ. ಹೆಸರಿಲ್ಲದ ಒಂಬತ್ತು ಕಸುಬಿನವರ ಬದಲು ಇದರಲ್ಲಿ ಇಪ್ಪತ್ತೊಂದು ವೀರರು. ಒಬ್ಬೊಬ್ಬರಿಗೂ ಹೆಸರು, ಊರು, ಹಿಂದಿನ ಕಥೆ, ಮಾತಿನ ಧಾಟಿ. ಹಳೆಯ ವೈದ್ಯನು ಇಲ್ಲಿ ರೆಕ್ಕೆ ತೊಟ್ಟ ‘ಮರ್ಸಿ’ ಎಂಬಾಕೆಯಾದಳು. ಕೊಳ್ಳುವುದಕ್ಕೂ ಹಣ ಕೊಡಬೇಕು, ಒಳಗೆ ಅದೃಷ್ಟದ ಪೆಟ್ಟಿಗೆಗಳೂ ಮಾರಾಟಕ್ಕಿದ್ದವು. 2018ರ ಏಪ್ರಿಲ್‌ನಲ್ಲಿ ಬೆಲ್ಜಿಯಂ ದೇಶವು ಇಂಥ ಪೆಟ್ಟಿಗೆಗಳು ಜೂಜೆಂದು ತೀರ್ಪಿತ್ತು, ಅದರಲ್ಲಿ ಓವರ್‌ವಾಚ್‌ನ ಹೆಸರನ್ನೂ ಹೇಳಿತು. 2022ರ ಅಕ್ಟೋಬರಿನಲ್ಲಿ ಕಂಪನಿಯು ಹಳೆಯ ಆಟವನ್ನು ಮುಚ್ಚಿ, ‘ಓವರ್‌ವಾಚ್ 2’ ಎಂಬ ಹೆಸರಿನಿಂದ ಪುಕ್ಕಟೆಯಾಗಿ ತೆರೆಯಿತು. ಹಣ ಕೊಟ್ಟು ಕೊಂಡಿದ್ದವರ ಆಟ ಹೀಗೆ ಒಂದು ರಾತ್ರಿಯಲ್ಲಿ ಇಲ್ಲವಾಯಿತು. ಪುಸ್ತಕ ಕೊಂಡರೆ ಅದು ನಮ್ಮ ಬೀರುವಿನಲ್ಲಿರುತ್ತದೆ. ಈ ಸರಕು ಹಾಗಲ್ಲ ಎಂಬುದು ಅನೇಕರಿಗೆ ಅಂದು ಮನವರಿಕೆಯಾಯಿತು. ಮೇಲಾಗಿ, ಹೊಸ ವೀರರು ಬೇಕಾದರೆ ಬಹಳ ದಿನ ಆಡಬೇಕು ಅಥವಾ ಹಣ ತೆರಬೇಕು ಎಂಬ ಕಟ್ಟಳೆಯೂ ಬಂದು, ಅಸಮಾಧಾನ ಹಬ್ಬಿತು. ಆ ಕಟ್ಟಳೆಯನ್ನು 2024ರ ವಸಂತದಲ್ಲಿ ಹಿಂತೆಗೆದುಕೊಂಡರು.

ಈ ಓವರ್‌ವಾಚ್‌ನ್ನು ಚೀನಾದಲ್ಲಿ ನಡೆಸುತ್ತಿದ್ದುದು ನೆಟ್‌ಈಸ್. ಡಿಂಗ್ ಲೀ ಎಂಬಾತನು 1997ರಲ್ಲಿ ಸ್ಥಾಪಿಸಿದ ಈ ಕಂಪನಿಯು 2008ರಿಂದ ಬ್ಲಿಝಾರ್ಡಿನ ಆಟಗಳಿಗೆ ಅಲ್ಲಿ ಮಧ್ಯವರ್ತಿಯಾಗಿತ್ತು. ಒಪ್ಪಂದದ ಮಾತು ಮುರಿದು 2023ರ ಜನವರಿ 23ರಂದು ಆ ಆಟಗಳಲ್ಲಿ ಹೆಚ್ಚಿನವು ಚೀನಾದಲ್ಲಿ ನಿಂತುಹೋದವು. ಮರುವರ್ಷ ಮತ್ತೆ ರಾಜಿಯಾಯಿತು. ಪರರ ಅಂಗಡಿಯನ್ನು ವರ್ಷಗಟ್ಟಲೆ ನಡೆಸಿದ ಗುಮಾಸ್ತನಿಗೆ ಆ ವ್ಯಾಪಾರದ ಮರ್ಮ ತಿಳಿಯದಿರುವುದೆಂತು? ನಮ್ಮ ದೇಶಕ್ಕೂ ನೆಟ್‌ಈಸ್ ಹೊಸಬನಲ್ಲ. ಮಾರ್ವೆಲ್ ವೀರರನ್ನೇ ಇಟ್ಟುಕೊಂಡು ಅದು ಮೊಬೈಲಿಗಾಗಿ ಮಾಡಿದ ‘ಮಾರ್ವೆಲ್ ಸೂಪರ್ ವಾರ್’ ಎಂಬ ಆಟವು, ಭಾರತ ಸರ್ಕಾರವು 2020ರ ಸೆಪ್ಟೆಂಬರ್ 2ರಂದು ಪಬ್‌ಜಿಯೊಂದಿಗೆ ನಿಷೇಧಿಸಿದ 118 ಚೀನೀ ಅಪ್ಲಿಕೇಷನ್ನುಗಳ ಪಟ್ಟಿಯಲ್ಲಿತ್ತು.

ಇನ್ನು ಆಟದ ಮಾತು. ಮೊದಲ ನೋಟಕ್ಕೆ ಜಾತ್ರೆಯ ನಡುವೆ ಸಿಕ್ಕಿಕೊಂಡಂತಾಗುತ್ತದೆ. ಮಿಂಚು, ಹೊಗೆ, ಹಸಿರು ಬೆಳಕು, ನಾಲ್ಕೂ ಕಡೆಯಿಂದ ಯಾರೋ ಕೂಗುವ ಧ್ವನಿ. ತಾನು ಸತ್ತದ್ದು ಯಾರಿಂದ ಎಂದು ತಿಳಿಯುವುದಕ್ಕೆ ಮುಂಚೆಯೇ ಸತ್ತಿರುತ್ತೇವೆ. ಓವರ್‌ವಾಚ್‌ನಲ್ಲಿ ವೀರನ ಕಣ್ಣಿನಿಂದ ಲೋಕವನ್ನು ಕಾಣುತ್ತಿದ್ದೆವು; ಇಲ್ಲಿ ಅವನ ಬೆನ್ನ ಹಿಂದೆ ನಿಂತು ಕಾಣುತ್ತೇವೆ. ಕೊಂಡ ವೇಷವು ಕೊಂಡವನಿಗೇ ಕಾಣಬೇಕಾದರೆ ಈ ಏರ್ಪಾಡೇ ಅನುಕೂಲ ಎಂದು ಯಾರಾದರೂ ಅಂದರೆ ಅಲ್ಲಗಳೆಯಲಾರೆ. ಕಥೆಗೆ ಹೆಚ್ಚು ಬೆಲೆ ಕೊಡಬೇಕಾಗಿಲ್ಲ. ಡಾಕ್ಟರ್ ಡೂಮ್ ಎಂಬ ಖಳನೂ 2099ನೆಯ ಇಸವಿಯ ಅವನದೇ ಪ್ರತಿರೂಪವೂ ಕಾದಾಡಿ ಕಾಲಪ್ರವಾಹವನ್ನು ಸಿಕ್ಕುಗೊಳಿಸಿದುದರಿಂದ ಎಲ್ಲ ಯುಗಗಳ ವೀರರೂ ಒಂದೆಡೆ ಬಿದ್ದಿದ್ದಾರೆ, ಅಷ್ಟೇ. ಗೋಡೆಗಳೂ ಕಂಬಗಳೂ ಏಟು ಬಿದ್ದರೆ ನಿಜವಾಗಿ ಒಡೆದು ಬೀಳುವುದು ಮಾತ್ರ ಬಹಳ ಸೊಗಸು. ಅಡಗಿ ನಿಂತ ಗೋಡೆಯೇ ಇಲ್ಲವಾದಾಗ ಆಗುವ ಗಾಬರಿ ಬೇರೆ ಆಟಗಳಲ್ಲಿ ಅಪರೂಪ.

ಇನ್ನೊಂದು ಚೆಲುವಾದ ಕಲ್ಪನೆಯೆಂದರೆ ವೀರರ ಜೊತೆಗೂಡಿಕೆ. ಆರಂಭದಲ್ಲಿ ರಾಕೆಟ್ ಎಂಬ ರಕೂನ್ ಪ್ರಾಣಿಯು ಗ್ರೂಟ್ ಎಂಬ ನಡೆಯುವ ಮರದ ಹೆಗಲೇರಿ ಕೂತು ಸವಾರಿ ಮಾಡಬಹುದಾಗಿತ್ತು. ಹಲ್ಕ್ ತನ್ನ ದೇಹದ ವಿಕಿರಣವನ್ನು ಐರನ್ ಮ್ಯಾನ್‌ಗೆ ಸಾಲ ಕೊಡಬಹುದಾಗಿತ್ತು. ಒಬ್ಬನಿಗೆ ಇನ್ನೊಬ್ಬನಿಂದ ಬಲ ಬರುವಂತೆ ನಿಯಮವನ್ನೇ ಕಟ್ಟಿದ್ದಾರೆ. ಲೋಕಿಯಂತೂ ತನ್ನದೇ ಮಾಯಾರೂಪಗಳನ್ನು ಅಲ್ಲಲ್ಲಿ ನಿಲ್ಲಿಸಿ, ಸಾಲದೆ ಎದುರಿನವನ ರೂಪವನ್ನೇ ಕದಿಯುತ್ತಾನೆ; ನಮ್ಮ ಮಾರೀಚನ ಬಂಧು.

ಆರಂಭದಲ್ಲಿದ್ದ ಮೂವತ್ತಮೂರು ವೀರರಲ್ಲಿ ಮೂರು ವರ್ಗ. ಏಟು ತಡೆದುಕೊಂಡು ಮುಂದೆ ನಿಲ್ಲುವವರು 8 ಜನ. ಕಾದುವವರು 18 ಜನ. ಉಳಿದವರನ್ನು ಕಾಯುವವರು 7 ಜನ. ವೈದ್ಯನ ವಂಶದವರು ಈ ಏಳು ಜನ. ರಾಕೆಟ್ ಗಾಯ ಮಾಯಿಸುವ ಬೆಳಕಿನ ಚೆಂಡುಗಳನ್ನು ಉರುಳಿಬಿಡುತ್ತಾನೆ, ಬಿದ್ದವನನ್ನು ಮತ್ತೆ ಎಬ್ಬಿಸುವ ಯಂತ್ರವನ್ನೂ ಹೂಡಬಲ್ಲ. ಲೂನಾ ಸ್ನೋ ಎಂಬ ಕೊರಿಯಾದ ಗಾಯಕಿ ಹಾಡಿ ಕುಣಿದು ಸುತ್ತಲಿನವರನ್ನು ಸಾವಿನ ಬಾಯಿಂದ ತಪ್ಪಿಸುತ್ತಾಳೆ. ಆದರೆ ಪಟ್ಟಿಯ ಲೆಕ್ಕವೇ ಜನರ ಮನಸ್ಸನ್ನು ಹೇಳುತ್ತದೆ. ಹೊಸದಾಗಿ ಬಂದವರಿಗೆಲ್ಲ ಸ್ಪೈಡರ್ ಮ್ಯಾನ್ ಆಗಬೇಕು, ವುಲ್ವರೀನ್ ಆಗಬೇಕು. ಆರು ಜನರಲ್ಲಿ ಐವರು ಕಾದುವವರೇ ಆದ ಪಕ್ಷವನ್ನು ನೋಡುವುದು ಕರುಣಾಜನಕ. ಅಭಿಮನ್ಯು ವ್ಯೂಹದೊಳಗೆ ನುಗ್ಗಿದ್ದು ಸರಿ. ಹಿಂದಿನಿಂದ ಬರಬೇಕಾದವರನ್ನು ಸೈಂಧವ ಬಾಗಿಲಲ್ಲೇ ತಡೆದ. ಇಲ್ಲಿ ತಡೆಯಲು ಸೈಂಧವನೂ ಬೇಕಿಲ್ಲ, ಬರುವವರೇ ಇರುವುದಿಲ್ಲ. ಇಂಥ ಹತ್ತು ಆಟ ಸೋತ ಮೇಲೆ ಯಾರೋ ಒಬ್ಬ ಮಾತಿಲ್ಲದೆ ವೈದ್ಯನ ಪಾತ್ರ ಹಿಡಿಯುತ್ತಾನೆ, ಪಕ್ಷ ಎದ್ದು ನಿಲ್ಲುತ್ತದೆ.

ಹಣದ ವಿಷಯದಲ್ಲಿ ಈ ಆಟವು ಹಿಂದಿನವರ ತಪ್ಪುಗಳನ್ನು ನೋಡಿ ಕಲಿತಿದೆಯೆನ್ನಬೇಕು. ವೀರರನ್ನು ಮಾರುವುದಿಲ್ಲ, ಮೂವತ್ತಮೂವರೂ ಮೊದಲ ದಿನದಿಂದ ಎಲ್ಲರಿಗೂ ದೊರೆತರು. ಆರಂಭದಲ್ಲಿ ಅದೃಷ್ಟದ ಪೆಟ್ಟಿಗೆಯೂ ಇರಲಿಲ್ಲ. ವೇಷಕ್ಕೆ ಬೆಲೆ ಬರೆದಿಟ್ಟಿದ್ದರು, ಬೇಕಾದವರು ಕೊಳ್ಳಬಹುದು. ಬಲವನ್ನು ಮಾರಲಿಲ್ಲ. ಆದರೂ ಪುಕ್ಕಟೆಯ ಆಟಕ್ಕೆ ಬೇರೆ ಬಗೆಯ ಕರವುಂಟೆಂಬುದು 2024ರ ಮೇ ತಿಂಗಳಲ್ಲೇ ಕಂಡಿತ್ತು. ಪರೀಕ್ಷಾರ್ಥವಾಗಿ ಆಟವನ್ನು ಮೊದಲೇ ಆಡಿ ಜನರಿಗೆ ತೋರಿಸಲು ಬಯಸಿದವರಿಂದ ಕಂಪನಿ ಒಂದು ಕರಾರಿಗೆ ಸಹಿ ಕೇಳಿತ್ತು; ಅದರಲ್ಲಿ ಆಟವನ್ನು ಹೀಯಾಳಿಸಿ ಮಾತನಾಡಬಾರದೆಂಬ ಷರತ್ತಿತ್ತು. ಗಲಾಟೆಯಾದ ಮೇಲೆ ಕಂಪನಿ ತಪ್ಪೊಪ್ಪಿ ಕರಾರನ್ನು ತಿದ್ದಿತು. ಆಟ ಗೆದ್ದು ಮೆರೆಯುತ್ತಿದ್ದ 2025ರ ಫೆಬ್ರವರಿಯಲ್ಲಿ, ಅದಕ್ಕೆ ಅಮೆರಿಕದ ಸಿಯಾಟಲ್ ಪ್ರದೇಶದಲ್ಲಿ ಕೂತು ದುಡಿದ ವಿನ್ಯಾಸಕಾರರನ್ನು ಕೆಲಸದಿಂದ ಬಿಡಿಸಿದರು. ಸೋತ ಕಾನ್‌ಕಾರ್ಡಿನವರಿಗೂ ಗೆದ್ದ ಇವರಿಗೂ ಬಂದ ಕಾಗದ ಒಂದೇ.

ದುಡಿದವರ ಮಾತು ಬಂದಿತು. ಇಲ್ಲಿ ಇನ್ನೂ ಹಳೆಯ ಸಾಲವೊಂದಿದೆ. ಈ ವೀರರನ್ನು ಮೊದಲು ಬಿಡಿಸಿದವರು ಯಾರು? ಕ್ಯಾಪ್ಟನ್ ಅಮೆರಿಕವನ್ನು ಜೋ ಸೈಮನ್ ಮತ್ತು ಜ್ಯಾಕ್ ಕರ್ಬಿ ಎಂಬಿಬ್ಬರು ಸೃಷ್ಟಿಸಿ, ಮೊದಲ ಸಂಚಿಕೆಯ ಹೊದಿಕೆಯ ಮೇಲೆಯೇ ಅವನಿಂದ ಹಿಟ್ಲರನ ದವಡೆಗೆ ಗುದ್ದಿಸಿದರು. ಆ ಸಂಚಿಕೆಯ ಮೇಲಿದ್ದ ತಾರೀಖು 1941ರ ಮಾರ್ಚ್. ಅಮೆರಿಕ ಇನ್ನೂ ಯುದ್ಧಕ್ಕಿಳಿದಿರಲಿಲ್ಲ. 1961ರಿಂದಾಚೆಗೆ ಸ್ಟ್ಯಾನ್ ಲೀ ಎಂಬಾತನ ಜೊತೆಗೂಡಿ ಅದೇ ಕರ್ಬಿ ಬಿಡಿಸಿದ ಪಾತ್ರಗಳಿಗೆ ಲೆಕ್ಕವಿಲ್ಲ. ಈ ಆಟದ ಮೂವತ್ತಮೂವರಲ್ಲಿ ಹಲ್ಕ್, ಥಾರ್, ಲೋಕಿ, ಹೇಲಾ, ಬ್ಲ್ಯಾಕ್ ಪ್ಯಾಂಥರ್, ಮ್ಯಾಗ್ನೀಟೋ, ಸ್ಕಾರ್ಲೆಟ್ ವಿಚ್, ಗ್ರೂಟ್ ಮೊದಲಾಗಿ ಹತ್ತಕ್ಕೆ ಕಡಿಮೆಯಿಲ್ಲದಷ್ಟು ಮಂದಿ ಅವನ ಪೆನ್ಸಿಲಿನ ಮಕ್ಕಳು. ಪುಟಕ್ಕಿಷ್ಟೆಂದು ಕೂಲಿ ಪಡೆದು ಬಿಡಿಸಿದವನು. ಪಾತ್ರಗಳ ಒಡೆತನ ಕಂಪನಿಯದು. ಕರ್ಬಿ 1994ರಲ್ಲಿ ತೀರಿಕೊಂಡ. ಡಿಸ್ನಿ ಕಂಪನಿಯು 2009ರಲ್ಲಿ ಸುಮಾರು 400 ಕೋಟಿ ಡಾಲರಿಗೆ ಮಾರ್ವೆಲನ್ನು ಕೊಳ್ಳಲು ಹೊರಟಾಗ, ಅವನ ಮಕ್ಕಳು ಹಕ್ಕು ಕೇಳಿದರು. ಎರಡು ನ್ಯಾಯಾಲಯಗಳಲ್ಲಿ ಸೋತು, ಸರ್ವೋಚ್ಚ ನ್ಯಾಯಾಲಯದ ಬಾಗಿಲಲ್ಲಿ ನಿಂತಿದ್ದಾಗ, 2014ರ ಸೆಪ್ಟೆಂಬರಿನಲ್ಲಿ ರಾಜಿಯಾಯಿತು. ರಾಜಿಯ ಮೊತ್ತವನ್ನು ಹೊರಗೆಡವಲಿಲ್ಲ.

2025ರ ಜನವರಿ 10ರಂದು ಆಟದ ಹೊಸ ಋತು ತೆರೆದಾಗ ಮೊದಲು ಬಂದ ಹೊಸ ಇಬ್ಬರು ‘ಫೆಂಟಾಸ್ಟಿಕ್ ಫೋರ್’ ಮನೆಯವರು. 1961ರಲ್ಲಿ ಲೀ ಮತ್ತು ಕರ್ಬಿ ಸೇರಿ ಸೃಷ್ಟಿಸಿದ ದಂಪತಿ. ಗಂಡ ರೀಡ್ ರಿಚರ್ಡ್ಸ್ ಎಲ್ಲರಂತೆ ಕಾದುವವರ ಗುಂಪಿಗೆ ಸೇರಿದ. ಹೆಂಡತಿ ಸ್ಯೂ, ಕಣ್ಣಿಗೆ ಕಾಣದಂತೆ ಮರೆಯಾಗಬಲ್ಲವಳು, ಕಾಯುವವರ ಗುಂಪಿಗೆ ಬಂದಳು. ಅವರ ಸಂಖ್ಯೆ ಎಂಟಾಯಿತು.